ಎತ್ತಿನ ಚೀಟಿ

ಬಾರಾಮತಿ ಕಡೆಯ ಒಂದು ದನದ ದವಾಖಾನೆಯಲ್ಲಿ ನಾನು ಕಂಪೌಂಡರ್. ಶಹರದ ಬಿಬವೇವಾಡಿಯಲ್ಲಿರುವ ನನ್ನ ಮನೆಗೆ ಹೋಗುವುದು ವಾರಕ್ಕೊಮ್ಮೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಬಾಗಿಲಲ್ಲಿ ಎತ್ತುಗಳದೇ ಸಾಲು: ನೊಗ ಉಜ್ಜಿದ ಹೆಗಲು, ಸವೆದ ಗೊರಸು. ಕಬ್ಬು ಕಡಿಯಲು ನಮ್ಮ ವಿಜಯಪುರದ ಕಡೆಯ ಜನವೂ ಬರುತ್ತಾರೆ. ಗಾಡಿ, ಎತ್ತು ಎರಡೂ ಅವರನ್ನು ಮುಂಗಡ ಕೊಟ್ಟು ಕರೆತಂದ ಮುಕಾದಮನವು, ಅಂದರೆ ಕೂಲಿ ಮೇಸ್ತ್ರಿಯವು. ಮುಂಗಡದ ದುಡಿಮೆ ತೀರುವವರೆಗೆ ಅವನ ಅಪ್ಪಣೆಯಿಲ್ಲದೆ ಗಾಡಿ ಹೊಲ ಬಿಟ್ಟು ಕದಲುವಂತಿಲ್ಲ. ಹಿಂದಿನ ಕಾಲದಲ್ಲಿ ಆಳುಗಳ ಕಾಲಿಗೆ ಬೇಡಿ ಹಾಕುತ್ತಿದ್ದರಂತೆ. ಅಷ್ಟು ಕಬ್ಬಿಣ ಯಾಕೆ ದಂಡ? ಎತ್ತಿನ ಹಗ್ಗ ಹಿಡಿದರೆ ಸಾಕು.

ಹೋದ ಹಂಗಾಮಿನ ಒಂದು ಮುಂಜಾನೆ ಒಬ್ಬ ಗಾಡಿ ತಂದು ನಿಲ್ಲಿಸಿದ. ಎತ್ತು ಕುಂಟುತ್ತದೆ ಅಂದ. ಗಾಡಿಯೊಳಗೆ ಅವನ ಹೆಂಡತಿ ಕೂತಿದ್ದಳು, ಏಳು ತಿಂಗಳ ಬಸುರಿ. ಎತ್ತಿನ ಒಂದೊಂದೇ ಕಾಲು ಎತ್ತಿ ನೋಡಿದೆ. ಏನೂ ಇರಲಿಲ್ಲ.

"ಏನೋ, ನನ್ನನ್ನೇನು ಹುಚ್ಚ ಅಂತ ತಿಳಿದೀಯೇನು?" ಅಂದೆ.

"ಎತ್ತಿಗೇನೂ ಆಗಿಲ್ರಿ ಸಾಹೇಬ್ರ. ಇಕಿ ಕಾಲು ಬಾತಾವು, ಕಣ್ಣು ಮಂಜಾಗ್ಯಾವು. ಆರು ಮೈಲಿ ಹೆಂಗ ನಡೀತಾಳ್ರಿ? ಹೆಂಗಸಿಗೆ ಜಡ್ಡಂದ್ರ ಮುಕಾದಮ ಗಾಡಿ ಬಿಡೂದಿಲ್ಲ. ಎತ್ತಿಗೆ ಅಂದ್ರ ಬಿಡ್ತಾನ."

ಸರಕಾರಿ ಆಸ್ಪತ್ರೆ ನಮ್ಮ ಎದುರಿಗೇ ಇದೆ. ಅಲ್ಲಿಗೆ ಕರೆದೊಯ್ದ. ರಕ್ತದೊತ್ತಡ ಭಾಳ ಏರಿದೆ, ವಾರವಾರ ತೋರಿಸದಿದ್ದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ ಎಂದು ನರ್ಸ್ ಹೇಳಿ ಕಳಿಸಿದಳು.

ಹೊರಡುವಾಗ ಮುಕಾದಮನಿಗೆ ತೋರಿಸಲು ನನ್ನಲ್ಲಿ ಎತ್ತಿನ ಚೀಟಿ ಕೇಳಿದ. ಬರೆದುಕೊಟ್ಟೆ. ಕಂಡದ್ದನ್ನೇ ಬರೆಯುವುದು ನನ್ನ ಮೂವತ್ತು ವರ್ಷದ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. 'ಎತ್ತಿನ ತಪಾಸಣೆ ಮಾಡಿದೆ, ಕಾಲು ಸರಿಯಾಗಿವೆ' ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿದೆ. ಅವನಿಗೆ ಮರಾಠಿ ಓದಲು ಬಾರದು. "ಪುಣ್ಯ ಬರ್ತದ್ರಿ ನಿಮಗ" ಅಂತ ಮಡಚಿ ಕಿಸೆಯಲ್ಲಿಟ್ಟುಕೊಂಡ. ಮುಕಾದಮನಿಗೆ ಓದಲು ಬರುತ್ತದೆ ಎಂಬುದು, ಥೂ ನನ್ನ, ಹೊಳೆಯಲೇ ಇಲ್ಲ.

ಮುಂದಿನ ವಾರ ಅವರು ಬರಲಿಲ್ಲ. ಆಗ ಹೊಳೆಯಿತು. ಆ ಚೀಟಿ ಓದಿದ ಮುಕಾದಮ ಗಾಡಿ ಬಿಡುತ್ತಾನೆಯೇ? ಆದರೆ ನಾನೇನೂ ಹುಡುಕಿಕೊಂಡು ಹೋಗಲಿಲ್ಲ.

ಅದರ ಮರುವಾರ ಗಾಡಿ ಬಂತು. ಎತ್ತು ಮೂರೇ ಕಾಲೂರುತ್ತಿತ್ತು. ಹೆಂಗಸು ಒಳಗೆ ಮಲಗಿದ್ದಳು, ಮುಖ ಬಾತು ಗುರುತೇ ಸಿಗದಂತಾಗಿತ್ತು. ಆಸ್ಪತ್ರೆಯವರು ಓಡಿಬಂದು ಅವಳನ್ನು ಎತ್ತಿಕೊಂಡು ಹೋದರು.

ನಾನು ಎತ್ತಿನ ಗೊರಸು ತಿರುವಿ ನೋಡಿದೆ. ಒಂದು ಮೊಳೆ. ದಾರಿಯಲ್ಲಿ ಚುಚ್ಚಿದ ಮೊಳೆ ಸೊಟ್ಟಗೆ ಹೋಗಿರುತ್ತದೆ. ಇದು ನೆಟ್ಟಗಿತ್ತು, ತಲೆಯ ಮೇಲೆ ಸುತ್ತಿಗೆಯ ಏಟಿನ ಗುರುತಿತ್ತು.

"ಮೂಕಪ್ರಾಣಿ ಏನು ಪಾಪ ಮಾಡಿತ್ತೋ? ಮನುಷ್ಯನೇನೋ ನೀನು?" ಎಂದು ರೇಗಿದೆ.

ಅವನು ಎತ್ತಿನ ಕೊರಳು ತಬ್ಬಿಕೊಂಡು ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

"ನಾನ ಬಡದೀನ್ರಿ. ಈಗರೆ ಕುಂಟ್ತದ ಅಂತ ಬರೀರಿ. ಮುಂದಿನ ವಾರಾನೂ ತರಬೇಕು ಅಂತ ಬರೀರಿ."