ಅವ್ವ ಸಾಕಿದ ಬಣ್ಣದ ಮೀನು

ನಮ್ಮ ಮನೆಯಲ್ಲಿ ಮೀನು ಅಂದರೆ ಮಣ್ಣಿನ ಮಡಕೆಯಲ್ಲಿ ಹುಣಸೆಹುಳಿಯ ಜೊತೆ ಕುದಿಯುವ ವಸ್ತು. ಅಪ್ಪ ಕೆರೆ ಏರಿಯಿಂದ ತರುತ್ತಿದ್ದ, ಅವ್ವ ಬೂದಿ ಹಾಕಿ ಉಜ್ಜಿ ತೊಳೆದು ಸಾರು ಮಾಡುತ್ತಿದ್ದಳು. ಅಂಥ ಅವ್ವ ಒಂದು ಮೀನನ್ನು ಬರೀ ನೋಡುವುದಕ್ಕೆ ಅಂತ ಸಾಕಿದ್ದಳು ಅಂದರೆ ನಮ್ಮ ಕಡೆಯ ಜನ ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ನಾನು ಕಂಡ ಜೀವಗಳಲ್ಲಿ ಆ ಮೀನಿನಷ್ಟು ಗಟ್ಟಿ ಜೀವ ಇನ್ನೊಂದಿಲ್ಲ, ಅದನ್ನು ಸಾಕಿದವಳಷ್ಟು ಗಟ್ಟಿಗಿತ್ತಿಯೂ ಇಲ್ಲ.

ಎಪ್ಪತ್ತರ ದಶಕದ ಶುರುವಿನ ಮಾತು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹಾರನಹಳ್ಳಿಗೆ ನಡೆದು ಹೋಗುವಷ್ಟು ಹತ್ತಿರದ ಊರು ನಮ್ಮದು. ನಮ್ಮ ಜಗುಲಿಯ ಕೋಣೆಯಲ್ಲಿ ಮೈಸೂರು ಕಡೆಯ ಮೇಷ್ಟ್ರೊಬ್ಬರು ಬಾಡಿಗೆಗಿದ್ದರು. ತಗಡಿನ ಚೌಕಟ್ಟಿಗೆ ಗಾಜು ಕೂರಿಸಿದ ಒಂದು ತೊಟ್ಟಿ, ಅದರೊಳಗೆ ಒಂದೇ ಒಂದು ಮೀನು ಅವರ ಹತ್ತಿರ ಇತ್ತು. ಭೇರ್ಯದ ಕಡೆಗೆ ವರ್ಗವಾದಾಗ ನೀರು ತುಂಬಿದ ತೊಟ್ಟಿಯನ್ನು ಬಸ್ಸಿಗೆ ಹತ್ತಿಸುವುದು ಹೇಗೆಂದು ತಿಳಿಯದೆ ಅದನ್ನು ಅವ್ವನಿಗೆ ಒಪ್ಪಿಸಿದರು. "ಪ್ಯಾರಡೈಸ್ ಫಿಶ್ ಅಂತ ಕಣಮ್ಮ. ಜೋಪಾನ. ಚಳಿಗಿಳಿಗೆ ಹೆದರೋದಲ್ಲ ಇದು," ಅಂದರು. ಆ ಹೆಸರು ಅವ್ವನ ಬಾಯಿಗೆ ಹಿಡಿಸಲಿಲ್ಲ. ಅವಳು ಅದನ್ನು ಪಟ್ಟೆರಾಯ ಅಂದಳು.

ಪಟ್ಟೆರಾಯ ಬೆರಳುದ್ದ ಇದ್ದ. ಮೈತುಂಬ ನೀಲಿಯ ಪಕ್ಕ ಕೆಂಪು, ಕೆಂಪಿನ ಪಕ್ಕ ನೀಲಿ. ಬೆಳಗಿನ ಬಿಸಿಲು ತೊಟ್ಟಿಗೆ ಬಿದ್ದಾಗ ಅವನು ಬಾಲ, ರೆಕ್ಕೆ ಬಿಚ್ಚಿದರೆ ಬಳೆಗಾರ ಬಣ್ಣದ ಬಳೆಗಳ ಮಲಾರ ಹರಡಿ ಕೂತ ಹಾಗೆ ಕಾಣುತ್ತಿತ್ತು. ಅವ್ವ ಒಲೆ ಮೇಲಿನ ಮುದ್ದೆ ಹಿಟ್ಟು ಮರೆತು ನೋಡುತ್ತ ನಿಲ್ಲುತ್ತಿದ್ದಳು. ತಳ ಹಿಡಿದ ಹಿಟ್ಟಿನ ವಾಸನೆ ಬಂದಾಗ ಅಪ್ಪ, "ಮೀನು ಸಾರಲ್ಲಿರ್ಬೇಕು ಕಣೇ, ಗಾಜಲ್ಲಲ್ಲ. ಇವತ್ತು ಉಪ್ಪು ಖಾರ ಅರದ್ಬುಡು," ಅಂತ ರೇಗಿಸುತ್ತಿದ್ದ. "ಅದ್ನ ಮುಟ್ಟಿದ್ರೆ ನಿಮ್ಗೆ ಆ ತಳ ಹಿಡಿದ ಮುದ್ದೇನೂ ಇಲ್ಲ," ಅನ್ನುವುದು ಅವ್ವನ ಉತ್ತರ.

ಎಂಥ ಮೀನು ಅದು! ನಮ್ಮ ಕಡೆಯ ಚಳಿಗಾಲದಲ್ಲಿ ತೊಟ್ಟಿಯ ನೀರು ಕೊರೆಯುತ್ತಿದ್ದರೂ ಅವನ ಬಣ್ಣ ಒಂದಿಷ್ಟೂ ಮಾಸಲಿಲ್ಲ. ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಕುಡಿದು ಕೆಳಗಿಳಿಯುತ್ತಿದ್ದ. ಕೊಟ್ಟಿಗೆಯ ಬಾನಿಯಲ್ಲಿ ಹುಟ್ಟುವ ಸೊಳ್ಳೆಮರಿಯೇ ಅವನಿಗೆ ಮೇವು. ಒಂದು ಸಲ ತೊಟ್ಟಿಯಿಂದ ನೆಗೆದು ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದಿದ್ದ. ನಮ್ಮ ಹುಂಜ ಕೊಕ್ಕಿನಲ್ಲಿ ಎತ್ತಿಯೂ ಆಗಿತ್ತು. ಅವ್ವ ಹುಂಜದ ಕತ್ತು ಹಿಡಿದು ಬಿಡಿಸಿ ನೀರಿಗೆ ಹಾಕಿದರೆ, ಒಂದು ಸುತ್ತು ಹಾಕಿ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ರೆಕ್ಕೆ ಬಿಚ್ಚಿದ. ಆವತ್ತಿನಿಂದ ತೊಟ್ಟಿಯ ಮೇಲೆ ಜರಡಿ ಮುಚ್ಚಿಡುತ್ತಿದ್ದಳು.

ಆ ವರ್ಷ ಹೊಗೆಸೊಪ್ಪು ಚೆನ್ನಾಗಿ ಬಂತು. ಹೊಲದಿಂದ ಹಸಿ ಎಲೆ ಮುರಿದು ತಂದು ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನುವ ಎತ್ತರದ ಮನೆಯೊಳಗೆ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡಬೇಕು. ಬ್ಯಾರನ್ ತುಂಬುವ ದಿನ ಮನೆಮಂದಿಯೆಲ್ಲ ಎಲೆ ಕಟ್ಟಬೇಕು. ಕೈಗೆ ಹತ್ತುವ ಅಂಟು ಕಪ್ಪಗೆ ಮೆತ್ತಿಕೊಂಡರೆ ಬರೀ ನೀರಿಗೆ ಹೋಗುವುದಲ್ಲ. ನನ್ನನ್ನೂ ಆ ವರ್ಷ ಮೊದಲ ಬಾರಿಗೆ ಎಲೆ ಕಟ್ಟಲು ಕೂರಿಸಿದರು. ಇಬ್ಬನಿಗೆ ನೆನೆದ ಎಲೆ ತೊಡೆ ಮೇಲೆ ಹಾಕಿಕೊಂಡು ದೊಡ್ಡವಳಾದೆ ಅಂತ ಬೀಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆ ಗಿರ್ರೆಂದಿತು, ತಿಂದದ್ದೆಲ್ಲ ವಾಂತಿಯಾಯಿತು. ಆಮೇಲೆ ಎಲೆ ಕಟ್ಟಿದ ದಿನವೆಲ್ಲ ಇದೇ ಪಾಡು.

"ಯಾರ್ದೋ ಕಣ್ಣು ಬಿದ್ದದೆ," ಅಂದಳು ಒಂದು ದಿನ ಅವ್ವ. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನನಗೆ ನೀವಾಳಿಸಿ ಒಲೆಗೆ ಹಾಕಿದಳು.

ಅದಾದ ಮೇಲೆ ಎಲೆ ಕಟ್ಟಿದ ಕೈಯನ್ನು ಬರೀ ಸೀರೆಗೆ ಒರೆಸಿಕೊಂಡು, ತೊಟ್ಟಿಯಲ್ಲಿ ಕೊಳೆತ ಪಾಚಿ ತೆಗೆಯಲು ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಪಟ್ಟೆರಾಯ ಗಾಜಿಗೆ ಡಿಕ್ಕಿ ಹೊಡೆಯಲು ಶುರುಮಾಡಿದ. ಮೈ ಸೆಟೆದು ಪಕ್ಕಕ್ಕೆ ವಾಲಿ ನಡುಗಿದ. ಬಣ್ಣವೆಲ್ಲ ಬಿಳಿಚಿಕೊಂಡಿತು. ಇದಕ್ಕೂ ದೃಷ್ಟಿಯೇ ಅಂದುಕೊಂಡು ಅವ್ವ ಮತ್ತೆ ಉಪ್ಪು ಮೆಣಸಿನಕಾಯಿ ತಂದು ತೊಟ್ಟಿಯ ಸುತ್ತ ನೀವಾಳಿಸಿದಳು! ನಾನು ವಾಂತಿಯ ಸುಸ್ತಿನಲ್ಲೂ ನಕ್ಕುಬಿಟ್ಟೆ. ಅವನು ಇನ್ನಷ್ಟು ಒದ್ದಾಡಿದ. ಎತ್ತಿ ನೋಡೋಣವೆಂದು ಅವಳು ಮತ್ತೆ ಕೈ ಹಾಕಿದಾಗ ಬೆರಳುಗಳ ಸಂದಿಯ ಅಂಟು ಕರಗಿ ಹಳದಿ ಬಣ್ಣವಾಗಿ ನೀರಿಗೆ ಇಳಿಯುವುದು ಕಾಣಿಸಿತು.

ಅವ್ವ ಕೈ ಹೊರಗೆ ತೆಗೆದು ಮೂಸಿದಳು. ಅವರೆ ಹುಳಕ್ಕೆ, ಕರುವಿನ ಹೇನಿಗೆ ಹೊಗೆಸೊಪ್ಪಿನ ನೀರು ಹೊಡೆಯುವ ಮನೆ ನಮ್ಮದು. ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಚರ್ಮ ಕಿತ್ತುಬರುವ ಹಾಗೆ ಕೈ ತಿಕ್ಕಿದಳು. ಗಡಿಗೆಯಲ್ಲಿ ಹೊಸ ಬಾವಿನೀರು ತುಂಬಿ, ಸೌಟಿನಲ್ಲಿ ಮೀನನ್ನು ಎತ್ತಿ ಬಿಟ್ಟಳು. ಆಮೇಲೆ ಗಡಿಗೆಯ ಪಕ್ಕ ಕೂತವಳು ಏಳಲಿಲ್ಲ. ಬ್ಯಾರನ್ನಿನಿಂದ ಅಪ್ಪ ಕೂಗಿದ್ದೂ ಕೇಳಿಸಲಿಲ್ಲ. ಸಂಜೆಗೆ ಪಟ್ಟೆರಾಯ ಮೆಲ್ಲಗೆ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದ. ಅವ್ವ ಅತ್ತುಬಿಟ್ಟಳು.

ಅಪ್ಪ ಸಿಡುಕುತ್ತ ಒಳಗೆ ಬಂದ. "ಎಲೆ ಬಾಡ್ತಾ ಕೂತದೆ, ನೀನು ಮೀನಿಗೆ ಬಾಣಂತನ ಮಾಡ್ತಿದ್ದೀಯ? ನಡೀರಿ ಇಬ್ರೂವೆ."

ನಾನು ಏಳಹೋದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು.

"ಈ ಮಗು ಇನ್ಮೇಲೆ ಸೊಪ್ಪು ಮುಟ್ಟಂಗಿಲ್ಲ ಕಣ್ರೀ."

"ಯಾಕೆ? ಊರೋರ ಮಕ್ಳೆಲ್ಲ ಕಟ್ಟಲ್ವಾ?"

"ಆ ಮೀನು ಚಳೀಲಿ ಬದುಕ್ತು, ಹುಂಜದ ಬಾಯಿಂದ ಬದುಕ್ತು. ನನ್ ಕೈ ತೊಳದ ನೀರು ತಡೀನಾರದೆ ಬಿದ್ಕೊಂತು. ಈ ಮಗು ಎಂಗೆ ತಡದೀತು? ಕಣ್ಣೂ ಇಲ್ಲ ಗಿಣ್ಣೂ ಇಲ್ಲ. ಆ ಸೊಪ್ಪೇಯ ಇದ್ನ ತಿಂತಾ ಇರೋದು."

ಅಪ್ಪ ಮುಂಗೋಪಿ. ಬೈಯುತ್ತಾನೆ ಅಂತ ನಾನು ಮುದುಡಿ ಕೂತಿದ್ದೆ. ಅವನು ಗಡಿಗೆಯೊಳಗೆ ಬಗ್ಗಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಮತ್ತೆ ನೀನು?" ಅಂದ.

"ನಾನೂ ಕೂತ್ರೆ ಬ್ಯಾರನ್ ತುಂಬೋರ್ಯಾರು? ನಡೀರಿ," ಅಂದು ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು.

ಆವತ್ತಿನಿಂದ ಪಟ್ಟೆರಾಯನಿಗೆ ಮೇವು ಹಾಕುವುದು, ನೀರು ಬದಲಿಸುವುದು ನನ್ನ ಪಾಲಿಗೆ ಬಂತು. ಅವನ ಬಣ್ಣ ಮೊದಲಿನ ಹಾಗೇ ತಿರುಗಿತು. ಎಲೆಯ ಕಾಲ ಮುಗಿಯುವವರೆಗೂ ಅವ್ವ ಬ್ಯಾರನ್ನಿನಿಂದ ಬಂದು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನಮ್ಮಿಬ್ಬರನ್ನೂ ದೂರದಿಂದಲೇ ನೋಡುತ್ತ ನಿಲ್ಲುತ್ತಿದ್ದಳು.