ನೀರಿನ ಲಾರಿಯ ಕಮಾಂಡೋ

ಚೌಳಹಿರಿಯೂರಿನ ಓಂಕಾರೇಶ ಸೈನ್ಯದಲ್ಲಿ ಹದಿನೇಳು ವರ್ಷ ನೀರಿನ ಲಾರಿ ಓಡಿಸಿದ. ಬೆಟ್ಟದ ಮೇಲಿನ ಠಾಣೆಗಳಿಗೆ ನೀರು ಮುಟ್ಟಿಸುವ ಕೆಲಸ, ತಲೆಯೆತ್ತಿ ಹೇಳಿಕೊಳ್ಳುವಂಥದ್ದೇ. ಆದರೆ ರಜೆಗೆ ಬಂದಾಗ ಹೋಟೆಲಿನಲ್ಲಿ ಕೂತು ಈ ಮಹಾಶಯ ಬಿಡುತ್ತಿದ್ದ ಬುರುಡೆಯಲ್ಲಿ ಲಾರಿಯ ಸುಳಿವೇ ಇರುತ್ತಿರಲಿಲ್ಲ. ತಾನು ಕಮಾಂಡೋ, ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದವನು. ನಿವೃತ್ತನಾಗಿ ಬಂದಾಗ ಪಂಚಾಯ್ತಿಯವರು ಶಾಲು ಹೊದಿಸಿದರು, ಬಾವುಟವನ್ನೂ ಅವನ ಕೈಯಲ್ಲೇ ಹಾರಿಸಿದರು. ಹೆಂಡತಿ ಯಶೋದಾ ಎರಡು ವರ್ಷ ಅವನ ಜೊತೆ ಕ್ವಾರ್ಟರ್ಸಿನಲ್ಲಿದ್ದು ಎಲ್ಲ ಕಂಡವಳು. ಮನೆಯ ಮಾನ ಹೋಗದಿರಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಪಿಂಚಣಿ ಬಂದ ಮೇಲೂ ಎರಡು ವರ್ಷ ಅವನ ಹೆಸರು ರಿಸರ್ವ್ ಪಟ್ಟಿಯಲ್ಲಿರಬೇಕಿತ್ತು, ಆ ಅವಧಿ ಇನ್ನೂ ಮುಗಿದಿರಲಿಲ್ಲ. ಈ ಬೇಸಿಗೆಯಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿದಾಗ, ಚಾಲಕರು ಸಾಲದೆ ಸೈನ್ಯದವರು ಹಳಬರನ್ನು ಕರೆಸಿಕೊಂಡರು. ಓಂಕಾರೇಶನಿಗೂ ಕಾಗದ ಬಂತು. ನೀರಿನ ಲಾರಿ ಚಾಲಕನಾಗಿ ಕೂಡಲೇ ಹಾಜರಾಗಬೇಕು.

ಅವನು ಕಾಗದವನ್ನು ಹಾಸಿಗೆಯಡಿ ತುರುಕಿ, ಕಡೂರಿಗೆ ಹೋಗಿ ಮಂಡಿನೋವೆಂದು ಡಾಕ್ಟರ ಚೀಟಿ ಬರೆಸಿಕೊಂಡು ಬಂದ. ಸಾವಿಗೆ ಹೆದರಿದ್ದರೆ ಯಶೋದಾ ಹೇಗೋ ಒಪ್ಪಿಕೊಳ್ಳುತ್ತಿದ್ದಳು.

"ಹೊರಟೆ ಅಂದ್ರೆ ಪಂಚಾಯ್ತಿಯೋರು ಹಾರ ಹಾಕಿ, ಕಾಗದಾನ ಮೈಕಲ್ಲಿ ಓದ್ತಾರೆ ಕಣೇ. ಆಮೇಲೆ ನಾನು ತಲೆಯೆತ್ಕೊಂಡು ತಿರ್ಗಕ್ಕಾಯ್ತದಾ?" ಅಂದ.

ಅವನ ಮುಖ ನೋಡುವುದಕ್ಕೂ ಅವಳಿಗೆ ಹೇಸಿಗೆಯಾಯಿತು.

ಊರಿನ ಬೋರ್‌ವೆಲ್ ಆಗಲೇ ಕೈಕೊಟ್ಟಿತ್ತು. ಕಾಗದ ಬಂದ ಎಂಟನೇ ದಿನ ಬೆಳಿಗ್ಗೆ, ಎರಡು ದಿನ ತಡವಾಗಿ, ಟ್ಯಾಂಕರ್ ಬೀದಿಗೆ ಬಂತು. ಹೆಂಗಸರು ಕೊಡ ಸಾಲಿಟ್ಟು ನಿಂತಿದ್ದರು. ಮಂಡಿನೋವಿನ ಓಂಕಾರೇಶ ಜಗಲಿಯಿಂದ ಜಿಗಿದು ಬಂದು ಡ್ರೈವರ್ ತಿಪ್ಪೇಶನ ಮೇಲೆ ಹರಿಹಾಯ್ದ.

"ಎಲ್ಲಿ ಹಾಳಾಗೋಗಿದ್ಯೋ ಎರಡು ದಿನ? ನೀರಿಲ್ದೆ ಜನ ಬದುಕೋದು ಹೆಂಗೋ?"

ಯಶೋದಾ ಕೊಡ ಕೆಳಗಿಟ್ಟಳು.

"ಅದನ್ನ ನೀವು ಕೇಳ್ತೀರಾ? ಮಿಲಿಟರಿ ನೀರಿನ ಲಾರಿ ಓಡ್ಸಕ್ಕೆ ಬಾ ಅಂತ ನಿಮ್ಗೆ ಕಾಗದ ಬಂದು ಎಂಟು ದಿನ ಆಯ್ತು. ಹದಿನೇಳು ವರ್ಷ ನೀವು ಮಾಡಿದ್ದೂ ಅದೇ. ಈಗ ನಾಚ್ಕೆ ಆಯ್ತದೆ ಅಂತ ಮನೇಲಿ ಕೂತಿದೀರ."

ಎಲ್ಲರೂ ಗೊಳ್ಳೆಂದು ನಗುತ್ತಾರೆಂದು ಓಂಕಾರೇಶ ತಲೆತಗ್ಗಿಸಿ ನಿಂತ. ಯಾರೂ ನಗಲಿಲ್ಲ. ಸಾಲಿನ ಮುಂದಿದ್ದ ಮುದುಕಿ ಲಿಂಗಮ್ಮ ಅವನನ್ನೇ ನೋಡುತ್ತ ಕೇಳಿದಳು.

"ಹಂಗಾದ್ರೆ ಈ ಎಂಟು ದಿನ ಗಡೀಲಿರೋ ಆ ಹುಡುಗ್ರಿಗೆ ನೀರು ಯಾರು ಕೊಟ್ರಪ್ಪಾ?"

ಓಂಕಾರೇಶನಿಗೆ ಗೊತ್ತಿರಲಿಲ್ಲ. ಅದನ್ನವನು ಯೋಚಿಸಿಯೂ ಇರಲಿಲ್ಲ.