ಇಪ್ಪತ್ತನೆಯ ಚಿಪ್ಪು

ನನ್ನ ಆಫೀಸಿನ ಮೇಜಿನ ಮೇಲೆ ಪಿನ್ನು ಹಾಕಿಡುತ್ತಿದ್ದ ಒಂದು ತೆಂಗಿನ ಚಿಪ್ಪಿದೆ. ಹೋದ ವಾರ, ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿ ಅದರಲ್ಲಿದ್ದ ಪಿನ್ನನ್ನೆಲ್ಲ ಡಬ್ಬಿಗೆ ಸುರಿದು, ಇದನ್ನ ಬಿಸಾಕಲಾ ಮೇಡಂ ಎಂದು ಕೇಳಿದಳು. ಅವಳ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಒಳಗೆ ಕಮಟು ಕೊಬ್ಬರಿಯ ವಾಸನೆ ಉಳಿದಿತ್ತು. ಆ ವಾಸನೆಯ ಹಿಂದೆಯೇ ಮೇಸ್ತ್ರಿ ಬಂದು ನಿಂತರು... ಬಾಯಲ್ಲಿ ಎಲೆ ಅಡಿಕೆ, ಹೆಗಲ ಮೇಲೆ ಸಿಮೆಂಟು ಮೆತ್ತಿದ ಟವೆಲು.

ಆಗ ನಾನು ತಿಪಟೂರಿನ ಒಬ್ಬ ಕಂಟ್ರ್ಯಾಕ್ಟರ ಹತ್ತಿರ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಯವಳು ನಾನು, ಕುರಿ ಕಾಯುವ ಮನೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ ಕಡೆಯಲ್ಲೆಲ್ಲ ಮೋಸ ಹೋಗಿದ್ದ. ಬಾಯಿ ಮಾತು ನಂಬಬಾರದು, ಕಾಗದ ನೋಡಬೇಕು ಅನ್ನುವುದು ಅಕ್ಷರಕ್ಕಿಂತ ಮೊದಲೇ ನಾನು ಕಲಿತಿದ್ದ ವಿದ್ಯೆ.

ಆಫೀಸಿನಲ್ಲಿ ಎಸ್ಟಿಮೇಟ್ ಮಾಡುವ ಸಾಫ್ಟ್‌ವೇರ್ ನನ್ನ ಕೈಗೆ ಬಂತು. ದಬ್ಬೇಘಟ್ಟದ ಹತ್ತಿರ ಒಂದು ಕೊಬ್ಬರಿ ಗೋಡೌನ್ ಕಟ್ಟಬೇಕಿತ್ತು. ಮೇ ತಿಂಗಳಿಂದ ಡಿಸೆಂಬರಿನವರೆಗೆ, ಎಂಟು ತಿಂಗಳ ಕೆಲಸ. ಒಟ್ಟು ಖರ್ಚು ಬಂದ ಮೇಲೆ, ಯಾವ ತಿಂಗಳಿಗೆ ಎಷ್ಟು ಬೇಕು ಅಂತ ಸಾಫ್ಟ್‌ವೇರೇ ಹಂಚಿಕೊಡುತ್ತಿತ್ತು. ಹಂಚಲು ಅದರಲ್ಲಿ ಕೆಲವು ಸಿದ್ಧ ಕರ್ವ್‌ಗಳಿದ್ದವು. ನಾನು ಆರಿಸಿದ್ದು ಗುಡ್ಡದಂಥದ್ದು: ಶುರುವಿನಲ್ಲಿ ಸ್ವಲ್ಪ, ನಡುವೆ ಜಾಸ್ತಿ, ಕೊನೆಗೆ ಮತ್ತೆ ಸ್ವಲ್ಪ. ಕಂಟ್ರ್ಯಾಕ್ಟರು ಆ ಪ್ರಿಂಟನ್ನು ಗೋಡೆಗೆ ಅಂಟಿಸಿದರು. ನಾನು ತೆಗೆದ ಗೆರೆ ಗೋಡೆಯ ಮೇಲೆ ಇದೆ ಅಂತ ಅವತ್ತೇ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ.

ಆ ಸೈಟಿನ ಮೇಸ್ತ್ರಿ ನನ್ನ ಗೆರೆಯನ್ನು ಒಂದೇ ತಿಂಗಳಲ್ಲಿ ಕೆಡಿಸಿದರು. ಪಾಯ ಇನ್ನೂ ನೆಲದ ಮೇಲೆ ಬಂದಿರಲಿಲ್ಲ, ಮರಳು ಬೇಕು, ಜಲ್ಲಿ ಬೇಕು, ಗೋಡೆಗೆ ಕಲ್ಲು ಬೇಕು, ಎಲ್ಲ ಈಗಲೇ ಬೇಕು. ಗುಡ್ಡದ ಬುಡದಲ್ಲಿರಬೇಕಾದ ಖರ್ಚು ಮೇ ಮುಗಿಯುವಷ್ಟರಲ್ಲಿ ನೆತ್ತಿ ಮುಟ್ಟಿತ್ತು. ವಿಚಾರಿಸಿದೆ. ಮರಳು ಹೊಡೆಯುತ್ತಿದ್ದ ಟ್ರ್ಯಾಕ್ಟರು ಮೇಸ್ತ್ರಿಯ ಅಕ್ಕನ ಮಗನದು ಅಂತ ಗೊತ್ತಾಯಿತು. ಸಾಕಿತ್ತು ನನಗೆ.

ಬಸ್ಸು ಹತ್ತಿ ಸೈಟಿಗೆ ಹೋದೆ. ಟಾರು ರಸ್ತೆಯಿಂದ ಇಳಿದು, ಒಣಗಿ ಗರಿಕೆ ಬೆಳೆದಿದ್ದ ನಾಲೆ ದಾಟಿ, ಬೀಳು ಗದ್ದೆಗಳ ನಡುವಿನ ಮಣ್ಣು ದಾರಿಯಲ್ಲಿ ನಡೆಯಬೇಕು. ಬಂದ ಲೋಡು ಬರೆದಿಡಲು ಅಲ್ಲಿ ಚಲನ್ ಪುಸ್ತಕವಿರಲಿಲ್ಲ. ಒಂದು ಲೋಡು ಮರಳು ಇಳಿದರೆ ಪಾಯದ ಕಲ್ಲಿನ ಮೇಲೆ ಒಂದು ಚಿಪ್ಪು ಬೋರಲು. ಕಾಯಿ ಎಣಿಸುವಾಗ ನೂರಕ್ಕೊಂದು ಕಾಯಿ ಪಕ್ಕಕ್ಕೆ ಎತ್ತಿಡುತ್ತಾರಲ್ಲ, ಅದೇ ಅಭ್ಯಾಸ. ಮೂವತ್ತೊಂದು ಚಿಪ್ಪಿದ್ದವು. ನಾನು ಟೇಪು ತೆಗೆದು ಮರಳಿನ ಗುಡ್ಡೆ ಅಳೆಯತೊಡಗಿದೆ. ಮೇಸ್ತ್ರಿ ನೆರಳಲ್ಲಿ ಕೂತು ನೋಡುತ್ತಿದ್ದರು.

"ಅಳಿ ಅಳಿ. ಮರಳು ತಿಂದು ಅರಗಿಸ್ಕಳಷ್ಟು ಹೊಟ್ಟೆ ಅಲ್ಲ ಕಣವ್ವ ನಂದು."

ಕೆಲಸದವರು ನಕ್ಕರು. ನಾನು ಟೇಪನ್ನು ಇನ್ನಷ್ಟು ಬಿಗಿಯಾಗಿ ಎಳೆದೆ. ಟೇಪಿನ ಲೆಕ್ಕ ಚಿಪ್ಪಿನ ಲೆಕ್ಕಕ್ಕೆ ಹೆಚ್ಚುಕಮ್ಮಿ ಸರಿಯಾಗಿಯೇ ಬಂತು. ಆದರೂ ನನಗೆ ಸಮಾಧಾನವಾಗಲಿಲ್ಲ. ಸರಿ ಇದೆ ಅಂದರೆ ಬೇರೆ ಕಡೆ ಏನೋ ಇರಬೇಕು ಅನ್ನಿಸಿತು. ಲೋಡಿಗಿಷ್ಟು ಅಂತ ಕಮಿಷನ್ ಇದ್ದರೆ ಗುಡ್ಡೆ ಅಳೆದರೆ ಸಿಗುತ್ತದೆಯೇ?

ಆಫೀಸಿಗೆ ಬಂದು ಗೋಡೆಯ ಗೆರೆಯ ಪಕ್ಕ ಮೇಸ್ತ್ರಿಯ ಖರ್ಚಿನ ಗೆರೆ ಎಳೆದು ತೋರಿಸಿದೆ. ಕಂಟ್ರ್ಯಾಕ್ಟರು ಲೋಡು ನಿಲ್ಲಿಸಿದರು. ಮಾರನೆಯ ದಿನ ಮೇಸ್ತ್ರಿ ಆಫೀಸಿಗೇ ಬಂದರು. ಕಂಟ್ರ್ಯಾಕ್ಟರ ಕೋಣೆಗೆ ಹೋಗದೆ ನನ್ನ ಮೇಜಿನ ಮುಂದೆ ನಿಂತರು.

"ಇನ್ನ ಹತ್ತು ಲೋಡು ಬುಡ್ಸವ್ವ. ಆಮೇಲೆ ನಾಕು ತಿಂಗ್ಳು ನಿನ್ನ ಒಂದು ಹಿಡಿ ಮರಳೂ ಕೇಳಕಿಲ್ಲ."

"ಯಾಕೆ ಈಗಲೇ ಬೇಕು ಅಂತ ಬರ್ದು, ಸೈನ್ ಹಾಕಿ ಕೊಡಿ ಮೇಸ್ತ್ರಿ. ನೋಡ್ತೀನಿ."

ಅವರು ಗೋಡೆಯ ಮೇಲಿನ ಗೆರೆಯನ್ನೊಮ್ಮೆ ನೋಡಿದರು. ಹೆಬ್ಬೆರಳನ್ನು ಟವೆಲಿಗೆ ಒರೆಸಿಕೊಂಡು, ಮೆಟ್ಟಿಲಿಳಿದು ಹೋದರು. ಉತ್ತರವಿಲ್ಲದವರು ಹೀಗೆಯೇ ಹೋಗುವುದು ಅಂದುಕೊಂಡೆ. ನಮ್ಮಪ್ಪನೂ ಬ್ಯಾಂಕಿನಲ್ಲಿ ಹೆಬ್ಬೆರಳನ್ನು ಹಾಗೇ ಒರೆಸಿಕೊಳ್ಳುತ್ತಿದ್ದ... ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವಾರವೇ ಮೇಸ್ತ್ರಿಯನ್ನು ತೆಗೆದು ಬೇರೆಯವರನ್ನು ಹಾಕಿದರು.

ಜುಲೈ ಕೊನೆಗೆ ನಾಲೆಗೆ ನೀರು ಬಿಟ್ಟರು. ನಾನು ತಿಂಗಳುಗಟ್ಟಲೆ ದಾಟಿ ಓಡಾಡಿದ್ದ ಅದೇ ನಾಲೆ. ನಮ್ಮ ಕಡೆ ಒಣಗಿದ ಹಳ್ಳ ಎಂದರೆ ಒಣಗಿದ ಹಳ್ಳ, ಅಷ್ಟೇ; ಅದು ಒಂದು ದಿನ ತುಂಬುತ್ತದೆ ಅಂತ ಯಾರೂ ಕಾಯುವುದಿಲ್ಲ. ದಬ್ಬೇಘಟ್ಟದವರಿಗೆ ಅದನ್ನು ಬಿಡಿಸಿ ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಬೀಳು ಬಿದ್ದಿದ್ದ ಗದ್ದೆಗಳಲ್ಲಿ ನೀರು ನಿಂತಿತು, ಮಣ್ಣು ದಾರಿ ಕೆಸರಾಯಿತು. ಮೊದಲ ದಿನವೇ ಸಿಮೆಂಟಿನ ಟ್ರ್ಯಾಕ್ಟರು ಹೂತುಕೊಂಡಿತು. ಆಳುಗಳೆಲ್ಲ ನಾಟಿಗೆ ಹೋದರು. ನನ್ನ ಗುಡ್ಡದ ನೆತ್ತಿ ಇದ್ದ ಎರಡು ತಿಂಗಳು ಸೈಟಿನಲ್ಲಿ ನಾಯಿ ಮಾತ್ರ ಓಡಾಡುತ್ತಿತ್ತು. ನೀರು ಬರುವ ಮೊದಲೇ ಏಳಬೇಕಿದ್ದ ಗೋಡೆ ಅರ್ಧಕ್ಕೆ ನಿಂತಿತು, ಹತ್ತು ಲೋಡು ಮರಳಿಲ್ಲದೆ.

ಸಾಫ್ಟ್‌ವೇರಿನಲ್ಲಿ ನಮ್ಮದೇ ಕರ್ವ್ ಮಾಡಿಕೊಳ್ಳಬಹುದು ಅಂತ ನಾನು ಹುಡುಕಿದ್ದು ಆಗ. ತಿಂಗಳಿಗೆ ಶೇಕಡಾ ಇಷ್ಟು ಅಂತ ತುಂಬಬೇಕು, ಒಟ್ಟು ನೂರಾಗಬೇಕು. ತುಂಬಲು ನನಗೆ ಏನು ಗೊತ್ತಿತ್ತು? ವಿಳಾಸ ಕೇಳಿಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಅವರ ಹೆಂಡತಿ ನೀರು ಕೊಟ್ಟರು, ಮೇಸ್ತ್ರಿ ಮುಖ ಕೊಡಲಿಲ್ಲ. ನಾನು ಕಾಗದ ತೆಗೆಯಲಿಲ್ಲ. ಒಲೆಯ ಪಕ್ಕದ ರಾಶಿಯಿಂದ ಇಪ್ಪತ್ತು ಚಿಪ್ಪು ತಂದು ಜಗಲಿಯ ಮೇಲೆ ಇಟ್ಟು, ಗೋಡೌನಿನ ಪೂರ್ತಿ ಖರ್ಚು ಇದು, ಎಂಟು ತಿಂಗಳಿಗೆ ಹಂಚಿ ಕೊಡಿ ಅಂದೆ.

 ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಜೋಡಿಸತೊಡಗಿದರು. ಮೇ ತಿಂಗಳಿಗೆ ಆರು, ಜೂನ್‌ಗೆ ಆರು, ಜುಲೈಗೆ ಒಂದು. ಆಗಸ್ಟಿನ ಜಾಗವನ್ನು ಅಂಗೈಯಲ್ಲಿ ಒರೆಸಿ ಖಾಲಿ ಬಿಟ್ಟರು. ಆಮೇಲೆ ಒಂದು, ಎರಡು, ಎರಡು, ಒಂದು. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತೊಂಬತ್ತು. ಒಂದು ಚಿಪ್ಪು ಅವರ ಎಡಗೈಯಲ್ಲಿತ್ತು. ಆಗಲೂ ನನ್ನ ಕಣ್ಣು ಆ ಕೈ ಮೇಲೆಯೇ.

"ಅದು?" ಅಂದೆ.

"ಇದು ಯಾವ ತಿಂಗ್ಳಿಗೆ ಬೇಕಾಯ್ತದೆ ಅಂತ ಯಾರಿಗೂ ಗೊತ್ತಾಗಲ್ಲ ಕಣವ್ವ. ಕೈಲಿರಬೇಕು." ಅದನ್ನು ನನ್ನ ಕೈಗೆ ಕೊಟ್ಟರು. "ಇವತ್ತು ಕೇಳ್ದಂಗೆ ಅವತ್ತೂ ಕೇಳ್ಬೋದಿತ್ತು ನೀನು."

ವಾಪಸ್ಸು ಕೆಲಸಕ್ಕೆ ಕರೆದೆ. ಟೇಪು ಹಿಡಿಸಿಕೊಂಡ ಕಡೆ ಇನ್ನೊಂದು ಸಲ ಕರಣೆ ಹಿಡಿಯಲ್ಲ ಅಂದರು. ಬರಲಿಲ್ಲ.

ಚಿಪ್ಪಿಗೆ ಐದರಂತೆ ಶೇಕಡಾ ತುಂಬಿದೆ. ತೊಂಬತ್ತೈದಕ್ಕೆ ಸಾಫ್ಟ್‌ವೇರು ಒಪ್ಪಲಿಲ್ಲ. ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಅದರಲ್ಲಿ ಜಾಗವಿಲ್ಲ. ಇಪ್ಪತ್ತನೆಯದನ್ನು ಡಿಸೆಂಬರಿಗೆ ಸೇರಿಸಿದೆ. ಕರ್ವ್‌ಗೆ 'ದಬ್ಬೇಘಟ್ಟ' ಅಂತ ಹೆಸರಿಟ್ಟೆ. ಆಮೇಲಿನ ವರ್ಷಗಳಲ್ಲಿ ನಾಲೆ ಬಯಲಿನ ಕೆಲಸಗಳಿಗೆಲ್ಲ ಅದೇ ನಡೆಯಿತು. ಯಾರು ಮಾಡಿದ್ದು ಅಂತ ಕೇಳಿದವರಿಗೆಲ್ಲ ನಾನೇ ಅಂದಿದ್ದೇನೆ.

ಮೇಸ್ತ್ರಿ ಹೋಗಿಬಿಟ್ಟರು ಅಂತ ಗೊತ್ತಾದದ್ದು ಎರಡು ವರ್ಷದ ಕೆಳಗೆ, ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಅವರ ಅಕ್ಕನ ಮಗ ಸಿಕ್ಕಾಗ. ಅಯ್ಯೋ ಅನ್ನಬೇಕಾಗಿತ್ತು. ಬದಲಿಗೆ ನನ್ನ ಬಾಯಿಂದ ಬಂದದ್ದು, ನಿಮ್ಮ ಮಾವ ಲೋಡಿಗೆ ನಿಮ್ಮ ಹತ್ತಿರ ಎಷ್ಟು ತಗೋತಿದ್ರು ಅಂತ. ಅವನು ನನ್ನನ್ನೇ ನೋಡಿದ.

"ತಗಳದಾ? ಬೇರೆ ಟ್ರ್ಯಾಕ್ಟರ್ನೋರಿಗಿಂತ ನಂಗೇ ಐವತ್ತು ಕಮ್ಮಿ ಕೊಡ್ಸೋರು ಮೇಡಂ. ಸ್ವಂತದೋನು ಅಂತ ಜನ ಆಡ್ಕತಾರೆ ಅಂತ."

ಅದಕ್ಕೆ ಬಿಲ್ಲು ಇದೆಯಾ ಅಂತ ಕೇಳಲು ಬಾಯಿ ತೆರೆದಿದ್ದೆ... ಮುಚ್ಚಿಕೊಂಡೆ.

ಬಿಸಾಕಬೇಡ ಅಂತ ಹುಡುಗಿಗೆ ಹೇಳಿದೆ. ಅವಳು ಡಬ್ಬಿಯಿಂದ ಪಿನ್ನನ್ನು ಮತ್ತೆ ಚಿಪ್ಪಿಗೆ ಸುರಿಯಲು ಬಂದಳು; ಬೇಡ ಅಂತ ಕೈ ಅಡ್ಡ ಹಿಡಿದೆ. ಈಗ ಅದು ಮೇಜಿನ ಮೇಲೆ ಖಾಲಿ ಇದೆ.